ಏಳನೇ ಹಾಸಿಗೆಯ ವ್ರತಪಟ್ಟಿ

ಬಸವನ ಬಾಗೇವಾಡಿ
9 ಜುಲೈ 2025

ವಲ್ಲಭಾ,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ, ಅಷ್ಟರಲ್ಲಿ ಸಿಟ್ಟು ಇಳಿದಿದ್ದರೆ. ಮೊದಲು ಜಗಳ.

ನಿನ್ನ ಸಂಸ್ಥೆಯ ಇಂಡಿ ಮನೆಯಲ್ಲಿ ನನ್ನ ಮೊಮ್ಮಗಳು ಶ್ರೀವಾಣಿಯನ್ನು ಸೇರಿಸಿ ಇಪ್ಪತ್ತು ದಿನವಾಯಿತು. ಊಟ ಬಿಟ್ಟು ಒಣಗಿಹೋಗುವ ಹುಡುಗಿಯರಿಗೆ ಮತ್ತೆ ಉಣ್ಣಲು ಕಲಿಸುವ ಆಸ್ಪತ್ರೆ, ಊರಿನಿಂದ ದೂರ, ಲಿಂಬೆ ತೋಟದ ನಡುವೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಸಿಂದಗಿಯಲ್ಲಿರುವ ನನ್ನ ಮಗ ಜಯತೀರ್ಥನಿಗೆ ಹೇಳಿ ಒಪ್ಪಿಸಿದವನು ನೀನು. ತಮ್ಮನ ಮಗ ಹೇಳಿದ ಎಂದು ನಾನೂ ಒಪ್ಪಿದೆ. ಹತ್ತೊಂಬತ್ತರ ಹುಡುಗಿ ತೆಳ್ಳಗಿರುವುದು ರೋಗ ಎಂಬುದು ನನಗೆ ಇನ್ನೂ ನಂಬಿಕೆಯಾಗಿಲ್ಲ, ಅದು ಬೇರೆ ಮಾತು.

ಮೊನ್ನೆ ಭಾನುವಾರ ಪ್ರಥಮ ಏಕಾದಶಿ. ವಿಜಯಪುರದಲ್ಲಿ ಬಸ್ ಬದಲಿಸಿ, ಈ ಮೊಣಕಾಲು ಎಳೆದುಕೊಂಡು ಅಲ್ಲಿಗೆ ಹೋದರೆ ಕಂಡದ್ದೇನು? ಹುಡುಗಿಯ ಮುಂದೆ ಅನ್ನ, ಹುಳಿ, ಮೊಸರು. ಏಕಾದಶಿಯ ದಿನ! ಎದುರಿಗೆ ಒಬ್ಬ ನರ್ಸ್, ಇಂಡಿಯವಳೇ, ಅಬಿದಾ ಎಂದು ಹೆಸರು, ಕುರ್ಚಿ ಹಾಕಿಕೊಂಡು ಅವಳ ಬಾಯನ್ನೇ ನೋಡುತ್ತ ಕೂತಿದ್ದಾಳೆ. ಊಟವಾದ ಮೇಲೂ ಮುಕ್ಕಾಲು ತಾಸು ಬಿಟ್ಟೇಳುವುದಿಲ್ಲವಂತೆ. ಬಚ್ಚಲಿಗೂ ಬಿಡುವುದಿಲ್ಲವಂತೆ. ಹುಡುಗಿ ನನ್ನ ಕಡೆ ನೋಡಿ ಕಣ್ಣೀರು ಹಾಕಿದಳು.

ನಾನು ಕೇಳಿದೆ, "ಏನವಾ, ಉಣ್ಣೋರ ಬಾಯಿ ನೋಡೂದು ನಿಮ್ಮ ಮನ್ಯಾಗ ಕಲಿಸ್ಯಾರೇನು?"

"ಇದು ನನ್ನ ಡೂಟಿರಿ ಅಮ್ಮಾರ. ನಿಮ್ಮ ಮೊಮ್ಮಗಳ ಸಲುವಾಗಿನ ಕುಂತೇನಿ" ಎಂದಳು, ಕಣ್ಣು ಕೀಳಲಿಲ್ಲ.

ವ್ರತ ಹೋಯಿತು, ಮಡಿ ಹೋಯಿತು, ಮರ್ಯಾದೆಯೂ ಹೋಯಿತು. ಬಾಗಿಲಲ್ಲಿ ಒಂದು ಫಲಕ ಇದೆ: ದೂರನ್ನು ಬರೆದು ಕೊಟ್ಟರೆ ಏಳು ದಿನದೊಳಗೆ ಉತ್ತರ ಕೊಡಲಾಗುವುದು. ಕೆಳಗೆ ನಿನ್ನ ಹೆಸರು, ಕಾನೂನು ಮತ್ತು ನಿಯಮಪಾಲನೆ ಮುಖ್ಯಸ್ಥ. ಫೋನಿನಲ್ಲಿ ನೀನು "ಆಮ್ಯಾಲೆ ಮಾಡತೇನಿ ಅತ್ಯಾ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳಾದರೂ ನನಗೆ ಬರೆಯಲು ಬರುತ್ತದೆ. ಉತ್ತರ ಕೊಡು.

ಸಿಟ್ಟು ಇಳಿದಿಲ್ಲ.

ಗೋದೂಬಾಯಿ


ಪುಣೆ
15 ಜುಲೈ 2025

ಪೂಜ್ಯ ಗೋದೂಬಾಯಿಯವರಿಗೆ,

ತಾವು 9ನೇ ತಾರೀಖು ಬರೆದ ದೂರು ನಮ್ಮ ವಿಭಾಗಕ್ಕೆ ತಲುಪಿದೆ. ರೋಗಿಯ ಧಾರ್ಮಿಕ ಆಚರಣೆಗೆ ಅಡ್ಡಿಯಾಗಿದ್ದಕ್ಕೆ ಸಂಸ್ಥೆ ವಿಷಾದಿಸುತ್ತದೆ. ಇಂತಹ ಸಂದರ್ಭಗಳಿಗಾಗಿಯೇ ಕಳೆದ ವರ್ಷ ನಾವು ಒಂದು ನಮೂನೆ ಸಿದ್ಧಪಡಿಸಿದ್ದೇವೆ. ಅದನ್ನು ಇದರೊಂದಿಗೆ ಕಳಿಸಿದ್ದೇನೆ. ರೋಗಿಯು ಪಾಲಿಸುವ ವ್ರತಗಳನ್ನೆಲ್ಲ ಅದರಲ್ಲಿ ಬರೆಯಬೇಕು. ರೋಗಿಯ ಸಹಿಯ ಕೆಳಗೆ "ಆಚರಣೆಯನ್ನು ದೃಢಪಡಿಸುವ ಮನೆಯ ಹಿರಿಯರು" ಎಂಬಲ್ಲಿ ತಮ್ಮ ಸಹಿ ಇರಬೇಕು. ಆ ಸಹಿಯ ಮೇಲೆಯೇ ಇಡೀ ನಮೂನೆ ನಿಂತಿರುತ್ತದೆ. ಅದು ಕೈಸೇರಿದ ದಿನದಿಂದ, ಪಟ್ಟಿಯಲ್ಲಿರುವ ದಿನಗಳಂದು ಊಟದ ಮುಂದೆ ಸಿಬ್ಬಂದಿ ಕುಳಿತುಕೊಳ್ಳುವುದಿಲ್ಲ ಮತ್ತು ವರ್ಜ್ಯ ಪದಾರ್ಥಗಳನ್ನು ಬಡಿಸುವುದಿಲ್ಲ.

ಆರನೆಯ ಅಂಕಣವನ್ನು ಖಾಲಿ ಬಿಡಬಾರದು: ಕಾಯಿಲೆಗೆ ಮೊದಲು ಈ ವ್ರತಗಳಿಂದ ರೋಗಿಗೆ ತೊಂದರೆಯಾಗಿತ್ತೇ ಎಂಬುದು.

ತಮ್ಮ ವಿಶ್ವಾಸಿ,
ಶ್ರೀವಲ್ಲಭ

ಅತ್ಯಾ, ಮೇಲಿನದು ಕಚೇರಿಯ ಭಾಷೆ. ಸಿಟ್ಟಾಗಬೇಡ. ನಿನ್ನ ಮಾತು ನಡೆಯುವಂತೆ ಮಾಡಿದ್ದೇನೆ.


ಬಸವನ ಬಾಗೇವಾಡಿ
20 ಜುಲೈ 2025

ವಲ್ಲಭನಿಗೆ ಆಶೀರ್ವಾದ. ಈ ಸಲ ಮೊದಲೇ ಬರೆದಿದ್ದೇನೆ ನೋಡು.

ನೀನು ನಮ್ಮ ಮನೆಯ ಹುಡುಗ ಎಂಬುದು ಈಗ ಗೊತ್ತಾಯಿತು. ನನ್ನನ್ನು "ತಾವು" ಎಂದು ಕರೆದದ್ದಕ್ಕೆ ಮಾತ್ರ ನಗು ಬಂತು. ಮೂಗು ಒರೆಸಿದ ಅತ್ಯಾಗೆ ತಾವು!

ಪಟ್ಟಿ ತುಂಬಿದ್ದೇನೆ. ಏಕಾದಶಿ ತಿಂಗಳಿಗೆ ಎರಡು, ನೀರೂ ಇಲ್ಲ. ಮರುದಿನ ದ್ವಾದಶಿ, ಪಾರಣೆಯ ಒಂದೇ ಊಟ. ಗುರುವಾರ ರಾಯರದ್ದು, ಶನಿವಾರ ವೆಂಕಪ್ಪನದ್ದು, ಎರಡೂ ದಿನ ಒಪ್ಪತ್ತು. ಶ್ರಾವಣದಲ್ಲಿ ಸೋಮವಾರ, ಶುಕ್ರವಾರ ಕೂಡುತ್ತವೆ. ಚಾತುರ್ಮಾಸ ಇರುವುದರಿಂದ ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆ ಇಲ್ಲ. ಇಷ್ಟನ್ನೂ ನಾನು ನನ್ನ ಹನ್ನೆರಡನೆಯ ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ಈ ಕಾಲದ ಹುಡುಗಿಯೊಬ್ಬಳು ಮಾಡುತ್ತಾಳೆ ಎಂದರೆ ನಮ್ಮ ಓಣಿಯಲ್ಲಿ ಜನ ಕೈಮುಗಿಯುತ್ತಾರೆ. ಅವಳ ತಾಯಿ ಮಂಜರಿಗೆ ಒಂದು ಏಕಾದಶಿ ನೆಟ್ಟಗೆ ದಾಟಲು ಬರುವುದಿಲ್ಲ.

ಅರ್ಧ ಪಟ್ಟಿಯನ್ನು ಶ್ರೀವಾಣಿಯೇ ಫೋನಿನಲ್ಲಿ ಹೇಳಿ ಬರೆಸಿದಳು. ನಾನು ಮರೆತದ್ದು ಅವಳಿಗೆ ನೆನಪಿತ್ತು. ಎಷ್ಟು ತಿಂಗಳ ಮೇಲೆ ನಕ್ಕಳೋ! "ಅಜ್ಜಿ, ನನ್ನ ಮಡಿ ಪೆಟ್ಟಿಗೀನೂ ಯಾರೂ ಮುಟ್ಟಬಾರದು ಅಂತ ಬರಿ" ಎಂದಳು. ಬರೆದಿದ್ದೇನೆ. ಅದರಲ್ಲಿ ಅವಳ ಜಪದ ಮಣಿ, ಮಡಿ ಸೀರೆ ಇವೆ.

ನಿನ್ನ ಆರನೆಯ ಅಂಕಣಕ್ಕೆ "ಇಲ್ಲ" ಎಂದು ಬರೆದಿದ್ದೇನೆ.

ಗೋದೂಬಾಯಿ


ಪುಣೆ
8 ಆಗಸ್ಟ್ 2025

ಗೋದೂ ಅತ್ಯಾಗೆ ನಮಸ್ಕಾರ.

ಉತ್ತರ ತಡವಾಯಿತು. ಪಟ್ಟಿ ಜುಲೈ 24ರಿಂದ ಜಾರಿಯಲ್ಲಿದೆ. ಶ್ರೀವಾಣಿ ಶಾಂತವಾಗಿದ್ದಾಳೆ, ಯಾರೊಂದಿಗೂ ಜಗಳವಿಲ್ಲ ಎಂದು ವರದಿ ಬಂದಿದೆ. ತೂಕದಲ್ಲಿ ಸ್ವಲ್ಪ ಏರಿಳಿತ ಇದೆ. ಚಿಕಿತ್ಸೆಯಲ್ಲಿ ಅದು ಸಹಜ. ಚಿಂತೆ ಬೇಡ.

ನಿನಗೆ ಸಂತೋಷವಾಗುವ ಸುದ್ದಿ ಇದೆ. ಆಗಸ್ಟ್ 20ಕ್ಕೆ ಸರ್ಕಾರದ ತಪಾಸಣೆಯವರು ಇಂಡಿಗೆ ಬರುತ್ತಾರೆ. ರೋಗಿಯ ಹಕ್ಕುಗಳನ್ನು ಹೇಗೆ ಕಾಪಾಡುತ್ತೇವೆ ಎಂದು ತೋರಿಸಲು ಒಂದು ಕಡತ ಆರಿಸಬೇಕಿತ್ತು. ಏಳನೇ ಹಾಸಿಗೆಯ ಕಡತವನ್ನು, ಅಂದರೆ ನಮ್ಮ ಶ್ರೀವಾಣಿಯದ್ದನ್ನು ಆರಿಸಿದ್ದೇನೆ. ಎಲ್ಲ ಸಹಿ, ಎಲ್ಲ ತಾರೀಖು ಸರಿಯಾಗಿವೆ. ಇಷ್ಟು ಅಚ್ಚುಕಟ್ಟಾದ ಕಡತ ಇನ್ನೊಂದಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಇಂಡಿಗೆ ಹೋಗುವ ತ್ರಾಸು ತೆಗೆದುಕೊಳ್ಳಬೇಡ.

ಶ್ರೀವಲ್ಲಭ


ಬಸವನ ಬಾಗೇವಾಡಿ
25 ಆಗಸ್ಟ್ 2025

ವಲ್ಲಭಾ,

ನಿನ್ನೆ ಇಂಡಿಗೆ ಹೋಗಿ ಬಂದೆ. ಬೆಳಗಿನಿಂದ ನಾಲ್ಕು ಸಲ ಕೈ ತೊಳೆದಿದ್ದೇನೆ. ವಾಸನೆ ಹೋಗುತ್ತಿಲ್ಲ. ನೀನು ಓದುವಾಗ ಅದು ನಿನಗೂ ಮುಟ್ಟಲಿ ಎಂದೇ ಎಲ್ಲ ಬರೆಯುತ್ತೇನೆ.

ಹುಡುಗಿ ಕಾಟಿನ ಮೇಲೆ ಕೂತಿದ್ದಳು. ನಾನು ಗುರುತು ಹಿಡಿಯಲಿಲ್ಲ. ಯಾವುದೋ ಮುದುಕಿ ಎಂದುಕೊಂಡು ದಾಟಿ ಹೋಗುತ್ತಿದ್ದೆ, "ಅಜ್ಜಿ" ಎಂದಳು. ಮುಖದಲ್ಲಿ ಹಲ್ಲು ಬಿಟ್ಟು ಏನೂ ಉಳಿದಿಲ್ಲ. ಆ ಹಲ್ಲೂ ಸವೆದಿವೆ, ಸುತ್ತಲಿನ ತೋಟದ ಲಿಂಬೆಯನ್ನು ಸಿಪ್ಪೆಯ ಸಮೇತ ಚೀಪುತ್ತಾಳಂತೆ. ಕೆನ್ನೆಯ ಮೇಲೆ, ತೋಳಿನ ಮೇಲೆ ಕೂಸಿನ ಮೈಯ ಮೇಲಿರುವಂಥ ಕೂದಲು ಬೆಳೆದಿದೆ. ಕೈ ಹಿಡಿದರೆ ತಣ್ಣಗೆ. ಆದರೆ ಮುಖದ ಮೇಲೆ ಏನು ಸಂತೋಷ ಅನ್ನುತ್ತೀ! "ಅಜ್ಜಿ, ಒಂದೂ ವ್ರತ ತಪ್ಪಿಸಿಲ್ಲ ನೋಡು" ಎಂದಳು.

ಮಡಿ ಸೀರೆ ಒಗೆಸಿ ತರೋಣ ಎಂದು ಪೆಟ್ಟಿಗೆ ಎಳೆದೆ. ಅವಳು ಹಾರಿ ಬಂದು ಕೈ ಹಿಡಿದಳು. "ಅದನ್ನ ಮುಟ್ಟಬ್ಯಾಡ, ಬರದೀದಿ ನೀನಽ!" ಎಂದು ಚೀರಿದಳು. ಆ ಚೀರಾಟಕ್ಕೇ ನನಗೆ ಸಂಶಯ ಬಂದು ಮುಚ್ಚಳ ತೆಗೆದೆ.

ವಲ್ಲಭಾ, ಒಂದು ತಿಂಗಳ ಊಟ ಅದರಲ್ಲಿತ್ತು. ಚಪಾತಿ ಹಸಿರಾಗಿ ಕೂದಲು ಬಂದಿತ್ತು. ಹುಳಿಯನ್ನ ಕೊಳೆತು ನೀರಾಗಿ ಜಪದ ಮಣಿಗೆ ಮೆತ್ತಿಕೊಂಡಿತ್ತು. ಮಡಿ ಸೀರೆಯ ಮಡಿಕೆ ಬಿಚ್ಚಿದರೆ ಒಳಗೆ ಹುಳ ಹರಿಯುತ್ತಿದ್ದವು. ನಾನು ಅಲ್ಲೇ ಬಾಗಿ ಕಾರಿಕೊಂಡೆ.

ಅದನ್ನು ಒರೆಸಲು ಬಂದವಳು ಯಾರು ಗೊತ್ತೇ? ಅಬಿದಾ. ಒರೆಸಿದಳು, ನನಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟಳು, ಪೆಟ್ಟಿಗೆಯನ್ನು ಹೊರಗೆ ಒಯ್ದು ಸುಟ್ಟಳು. ಆಮೇಲೆ ಕೇಳಿದಳು, "ನನ್ನ ಕೂಡಬ್ಯಾಡಂತ ಬರದವರು ನೀವಽ ಅಲ್ರಿ ಅಮ್ಮಾರ?"

"ಹೌದವಾ, ನಾನಽ" ಎಂದೆ.

"ನಾ ಎದುರಿಗೆ ಕುಂತಾಗ ದಿನಾ ಮುಕ್ಕಾಲು ತಾಟು ಹೊಟ್ಟೀಗಿ ಹೋಗತಿತ್ರಿ. ಬೈದಾರ ಉಣತಿದ್ಲು. ಊಟಾದ ಮ್ಯಾಲೆ ಕೂಡೂದು ಯಾಕಂದ್ರ, ಉಂಡದ್ದು ಹೊರಗ ತೆಗೀಬಾರದಂತ. ಈಗ ತಿಂಗಳಿನಾಗ ಇಪ್ಪತ್ತ್ಮೂರು ದಿನ ನಾ ಬಾಗಲದಾಗ ನಿಂದರತೇನಿ. ಒಳಗ ಕಾಲಿಟ್ರ ನನ್ನ ಮ್ಯಾಲ ರಿಪೋರ್ಟ್ ಆಗತೈತಿ."

"ಡಾಕ್ಟರಗ ಹೇಳಬೇಕಿಲ್ಲೇನು?"

"ಮೂರು ಸಲ ಬರದು ಕೊಟ್ಟೇನ್ರಿ. ಕಾನೂನಿನವರು ಬ್ಯಾಡಂದಾರ, ನಾ ಏನ ಮಾಡ್ಲಿ ಅಂತಾರ ಅವ್ರು. ಮೂವತ್ತಾರು ಕಿಲೋ ಬಂದಾಕಿ ಈಗ ಮೂವತ್ತೊಂದುವರಿ ಅದಾಳ್ರಿ."

ಅಡುಗೆಮನೆಯ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ, ಗಾಜು ಹಾಕಿ. ದೇವರ ಫೋಟೋದಂತೆ. ಕೆಳಗೆ ನನ್ನ ಸಹಿ, ವಾರೆಯಾಗಿ, ದೊಡ್ಡದಾಗಿ. ನನ್ನ ಅಕ್ಷರ ನೋಡಿ ನನಗೇ ಹೇಸಿಗೆಯಾಯಿತು.

ಅಚ್ಚುಕಟ್ಟಾದ ಕಡತ ಎಂದೆಯಲ್ಲ. ನಿನ್ನ ತಪಾಸಣೆಯವರು ಗಾಜಿನೊಳಗಿನ ಕಾಗದ ಓದಿ, ಚಹಾ ಕುಡಿದು ಹೋದರಂತೆ. ಏಳನೇ ಹಾಸಿಗೆಯ ಮೇಲೆ ಇರುವುದನ್ನು ಯಾರೂ ನೋಡಲಿಲ್ಲ. ಈ ಕಾಗದ ಮುಟ್ಟಿದ ತಾಸಿಗೆ ಆ ಪಟ್ಟಿ ಹರಿದು ಹಾಕು. ಅಬಿದಾಳನ್ನು ಒಳಗೆ ಕೂಡಿಸು.

ಗೋದೂಬಾಯಿ


ಪುಣೆ
1 ಸೆಪ್ಟೆಂಬರ್ 2025

ಪೂಜ್ಯ ಗೋದೂಬಾಯಿಯವರಿಗೆ,

ತಮ್ಮ ಪತ್ರದ ಭಾಷೆ ನೋವುಂಟುಮಾಡಿತು. ಅದನ್ನು ಬದಿಗಿಟ್ಟು ವಿಷಯಕ್ಕೆ ಬರುತ್ತೇನೆ.

ಪಟ್ಟಿಯನ್ನು ಹರಿದು ಹಾಕಲು ಬರುವುದಿಲ್ಲ. ಶ್ರೀವಾಣಿ ವಯಸ್ಕಳು, ಅದರ ಮೇಲೆ ಅವಳ ಸಹಿಯೂ ಇದೆ. ಹಿರಿಯರು ತಮ್ಮ ದೃಢೀಕರಣವನ್ನು ಲಿಖಿತವಾಗಿ ಹಿಂತೆಗೆದುಕೊಂಡರೆ ಮಾತ್ರ ನಮೂನೆ ಬಿದ್ದುಹೋಗುತ್ತದೆ, ವೈದ್ಯರ ಕ್ರಮ ಮತ್ತೆ ನಡೆಯುತ್ತದೆ. ಅದಕ್ಕೆ ಬೇಕಾದ ಹೇಳಿಕೆಯನ್ನು ನಮ್ಮ ವಿಭಾಗವೇ ಬರೆದಿದೆ. ಇದರೊಂದಿಗೆ ಇದೆ. ಅದರ ಮುಖ್ಯ ವಾಕ್ಯ ಹೀಗಿದೆ: "ರೋಗಿಯ ಹಿಂದಿನ ಉಪವಾಸಗಳು ಹಾಗೂ ಅವುಗಳ ಪರಿಣಾಮವನ್ನು ಕುಟುಂಬವು ಮರೆಮಾಚಿತ್ತು. ಸಂಸ್ಥೆಯು ಸದ್ಭಾವನೆಯಿಂದ ನಡೆದುಕೊಂಡಿದೆ." ಸಹಿ ಮಾಡಿ ಕಳಿಸಬೇಕು.

ಈ ವಾಕ್ಯ ನಾನು ಸುಮ್ಮನೆ ಬರೆದದ್ದಲ್ಲ. ಜಯತೀರ್ಥನಿಗೆ ಫೋನ್ ಮಾಡಿದ್ದೆ. ಜನವರಿಯಲ್ಲಿ ಏಕಾದಶಿಯ ಮರುದಿನ ಅವಳು ಕಾಲೇಜಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳಂತೆ. ಸಿಂದಗಿಯ ವೈದ್ಯರು ಉಪವಾಸ ಕೂಡದು ಎಂದು ಬರೆದು ಕೊಟ್ಟಿದ್ದರಂತೆ. ಆ ಚೀಟಿ ನಿಮ್ಮ ಕೈಯಲ್ಲಿತ್ತಂತೆ. ಆರನೆಯ ಅಂಕಣದಲ್ಲಿ "ಇಲ್ಲ" ಎಂದು ಬರೆದವರು ನೀವು. ಯಾಕೆ?

ಶ್ರೀವಲ್ಲಭ


ಬಸವನ ಬಾಗೇವಾಡಿ
5 ಸೆಪ್ಟೆಂಬರ್ 2025

ವಲ್ಲಭಾ,

ಯಾಕೆ ಎಂದು ಕೇಳಿದ್ದೀ. ಹೇಳುತ್ತೇನೆ. ಮುದ್ದೇಬಿಹಾಳದಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಅಜ್ಜಿ ನಮ್ಮ ಮನೆಗೆ ಬಂದಾಗ ಶ್ರೀವಾಣಿ ನೀರೂ ಮುಟ್ಟದೆ ಏಕಾದಶಿ ಮಾಡುತ್ತಿದ್ದಳು. "ಇಂಥಾ ಹುಡುಗಿ ಈಗ ಎಲ್ಲಿ ಸಿಗತಾಳ್ರಿ, ಗೋದೂಬಾಯಿ" ಎಂದಳು ಆಕೆ. ಸೊಕ್ಕು ನನ್ನ ತಲೆಗೇರಿತು. ಹುಡುಗಿಗೂ ಆ ಮಾತು ಕೇಳಿಸಿತು. ಆವತ್ತಿನಿಂದ ಅವಳು ಒಂದು ವ್ರತ ಹೆಚ್ಚಿಸಿದಾಗಲೆಲ್ಲ ನಾನು ಓಣಿಯಲ್ಲಿ ಹೇಳಿಕೊಂಡು ಬಂದೆ. ಮೊದಲು ಅವಳು ತಾಟು ದೂರ ಸರಿಸಿದಾಗ ಮಂಜರಿ ಅತ್ತಳು, ಉಣ್ಣೆಂದು ಬೇಡಿಕೊಂಡಳು. "ವ್ರತಕ್ಕ ಅಡ್ಡ ಬರಬ್ಯಾಡ" ಎಂದು ಅವಳ ತಾಯಿಯ ಬಾಯನ್ನೇ ಮುಚ್ಚಿಸಿದೆ. ಡಾಕ್ಟರರ ಚೀಟಿ ಬಂದಾಗ, ಇದು ಮುದ್ದೇಬಿಹಾಳಕ್ಕೆ ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂದು ಒಲೆಗೆ ಹಾಕಿದೆ. ಸಂಬಂಧ ಹೇಗೂ ಮುರಿಯಿತು. ಇಷ್ಟು ತೆಳ್ಳಗಿನ ಹುಡುಗಿ ಬೇಡ ಅಂದರು.

ಇದು ನನ್ನ ಪಾಲು. ಮುಚ್ಚಿಡುವುದು ಇನ್ನೇನೂ ಉಳಿದಿಲ್ಲ.

ಈಗ ನಿನ್ನ ಪಾಲಿನ ಮಾತು. ನೀನು ಕಳಿಸಿದ ಕಾಗದಕ್ಕೆ ನಾನು ಸಹಿ ಮಾಡುವುದಿಲ್ಲ. ಮೊದಲ ವಾಕ್ಯ ನಿಜ. ಎರಡನೆಯದು ಸುಳ್ಳು. ಬೇನೆ ಬಿದ್ದವರಿಗೆ ವ್ರತ ಇಲ್ಲ ಎಂಬುದು ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಿನ್ನಪ್ಪನಿಗೆ ಕಾಮಾಲೆಯಾದಾಗ ನಮ್ಮಜ್ಜಿಯೇ ಏಕಾದಶಿಯ ದಿನ ಗಂಜಿ ಕುಡಿಸಿದಳು. ಆಕೆಯಷ್ಟು ಮಡಿಯವರು ಸುತ್ತ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಆ ಕಥೆ ಕೇಳುತ್ತ ಬೆಳೆದವನು ನೀನು. ಪುಣೆಯ ಸಾಹೇಬರಿಗೆ, ಬೇರೆ ಊರಿನ ಡಾಕ್ಟರರಿಗೆ ನಮ್ಮ ಪದ್ಧತಿ ಗೊತ್ತಿಲ್ಲದಿರಬಹುದು. ನಿನಗೆ ಗೊತ್ತಿತ್ತು. ನಾನು ಸೊಕ್ಕಿನಲ್ಲಿ ಕುರುಡಿಯಾಗಿದ್ದೆ. ನೀನು ಕಣ್ಣು ತೆರೆದುಕೊಂಡು ನಮೂನೆ ಕಳಿಸಿದೆ. "ಅತ್ಯಾ, ರೋಗಿಗೆ ಎಂಥ ವ್ರತ" ಎಂಬ ನಾಲ್ಕು ಶಬ್ದ ಬರೆಯಲು ನಿನ್ನ ಕೈಗೆ ಏನಾಗಿತ್ತು?

ಇಂಡಿಯ ಆ ಮನೆಗೆ ಒಂದು ಸಲವಾದರೂ ಕಾಲಿಟ್ಟಿದ್ದೀಯೇನು? ಹೋಗು, ಆ ಹುಡುಗಿಯ ಕೈ ಮುಟ್ಟಿ ನೋಡು. ಆಮೇಲೆ ನಿನ್ನ ಪಾಲು ಬರಿ. ನನ್ನ ಸಹಿ ಅದರ ಹಿಂದೆ ಬರುತ್ತದೆ.

ನನ್ನನ್ನು ನೀವು ಎಂದು ಕರೆದು ದೂರ ನಿಲ್ಲಬೇಡ. ಇಬ್ಬರೂ ಒಂದೇ ಹೊಲಸಿನಲ್ಲಿ ನಿಂತಿದ್ದೇವೆ.

ಗೋದೂಬಾಯಿ


ಇಂಡಿ
12 ಸೆಪ್ಟೆಂಬರ್ 2025

ಅತ್ಯಾ,

ಇಂಡಿಯಿಂದಲೇ ಬರೆಯುತ್ತಿದ್ದೇನೆ. ಮೂರು ವರ್ಷದಿಂದ ಈ ಮನೆಯ ನಿಯಮಗಳನ್ನೆಲ್ಲ ಬರೆದವನು ನಾನು. ನಿನ್ನೆ ಮೊದಲ ಸಲ ಇಲ್ಲಿ ಕಾಲಿಟ್ಟೆ. ಕಾವಲುಗಾರ ನನ್ನ ಗುರುತಿನ ಚೀಟಿ ಕೇಳಿದ. ನಿಯಮ ನನ್ನದೇ.

ನೀನು ಕೇಳಿದ ನಾಲ್ಕು ಶಬ್ದದ ಬಗ್ಗೆ ಮೊದಲು ಹೇಳುತ್ತೇನೆ. ನನಗೆ ಗೊತ್ತಿತ್ತು. ಜುಲೈ 15ರಂದು ನಿನಗೆ ಬರೆಯುವಾಗಲೇ ಗೊತ್ತಿತ್ತು. ಕಳೆದ ವರ್ಷ ಇನ್ನೊಂದು ಕುಟುಂಬದವರು, ಮಗಳ ವ್ರತ ಕೆಡಿಸಿದಿರಿ ಎಂದು ನಮ್ಮನ್ನು ಕೋರ್ಟಿಗೆ ಎಳೆದಿದ್ದರು. ಆಮೇಲೆ ನಾನು ಈ ನಮೂನೆ ಮಾಡಿದೆ. ಆಡಳಿತ ಮಂಡಳಿಯವರು ಚಪ್ಪಾಳೆ ಹೊಡೆದರು. ನಿನ್ನ ದೂರು ಬಂದಾಗ ಮೇಜಿನ ಮೇಲೆ ನನಗೆ ಕಂಡದ್ದು ಇನ್ನೊಂದು ಕೋರ್ಟ್ ಕೇಸು. ನೀನು ವ್ರತಕ್ಕಾಗಿ ಯಾರ ಮೇಲಾದರೂ ಬೀಳುತ್ತೀ ಎಂದುಕೊಂಡೆ. ನಿನ್ನನ್ನು ಸಮಾಧಾನ ಮಾಡಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಹುಡುಗಿಯ ಯೋಚನೆ ಬರಲಿಲ್ಲ. ಸುಳ್ಳು ಹೇಳುವುದಿಲ್ಲ, ಬರಲೇ ಇಲ್ಲ.

"ತೂಕದಲ್ಲಿ ಸ್ವಲ್ಪ ಏರಿಳಿತ" ಎಂದು ಬರೆದ ದಿನ ನನ್ನ ಮುಂದೆ ಅಂಕಿ ಇತ್ತು. ಏರು ಅದರಲ್ಲಿ ಇರಲಿಲ್ಲ. ಅಬಿದಾ ಬರೆದುಕೊಟ್ಟ ಮೂರೂ ಕಾಗದ ನನಗೆ ಬಂದಿದ್ದವು. "ಕಡತಕ್ಕೆ ಸೇರಿಸಿ" ಎಂದು ಬರೆದು ಕೆಳಗಿಟ್ಟೆ. ತಪಾಸಣೆಯವರಿಗೆ ತೋರಿಸುವಾಗ ಆ ಮೂರನ್ನು ತೆಗೆದಿಟ್ಟೆ.

ಇನ್ನೊಂದಿದೆ. ಆಗಸ್ಟ್ 29ಕ್ಕೆ, ನೀನು ಬಂದುಹೋದ ಐದು ದಿನಕ್ಕೆ, ಶ್ರೀವಾಣಿಯ ನಾಡಿ ತಪ್ಪತೊಡಗಿ ವಿಜಯಪುರದ ಆಸ್ಪತ್ರೆಗೆ ಒಯ್ದಿದ್ದರು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಸೆಪ್ಟೆಂಬರ್ 1ಕ್ಕೆ ನಿನಗೆ ಆ ಕಾಗದ ಬರೆಯುವಾಗ ಅದೂ ನನಗೆ ಗೊತ್ತಿತ್ತು. ನಿನ್ನ ಸಹಿ ಬರುವ ತನಕ ಹೇಳಬಾರದು ಎಂದು ಜಯತೀರ್ಥನಿಗೂ ಹೇಳಿ ಇಟ್ಟಿದ್ದೆ. ನಿನ್ನ ಹಟ, ನನ್ನ ವಾಕ್ಯ, ಇವುಗಳ ನಡುವೆ ಹನ್ನೆರಡು ದಿನ ಹೋದವು.

ನಿನ್ನೆ ಅವಳ ಕೈ ಮುಟ್ಟಿದೆ. "ಕಾಕಾ, ನೀವಽ ಅಲ್ಲ ನನ್ನ ಪಟ್ಟಿ ಪಾಸ್ ಮಾಡಿದವರು? ಭಾಳ ಉಪಕಾರ ಆತು" ಎಂದಳು. ಹೊರಗೆ ಹೋಗಿ ಲಿಂಬೆ ಗಿಡದ ಕೆಳಗೆ ನಿಂತೆ. ಅಬಿದಾ ಬಂದು, "ಸಾಹೇಬ್ರ, ಒಳಗ ಬರ್ರಿ, ಇನ್ನ ಇಪ್ಪತ್ತೊಂದು ಕಾಟು ಅದಾವು ನೋಡಾಕ" ಎಂದಳು. ಅವಳ ದನಿಯಲ್ಲಿ ನನಗೆ ಒಂದಿಷ್ಟೂ ಮರ್ಯಾದೆ ಇರಲಿಲ್ಲ.

ನನ್ನ ಪಾಲು ಬರೆದಿದ್ದೇನೆ. ಮೂರು ಪುಟ. ಅಬಿದಾಳ ಮೂರು ಕಾಗದ ಜೋಡಿಸಿ ತಪಾಸಣೆಯವರಿಗೂ ಮಂಡಳಿಗೂ ಕಳಿಸಿದ್ದೇನೆ. ಇಂದು ಮಧ್ಯಾಹ್ನ, ಮುಂದಿನ ಸೂಚನೆಯ ತನಕ ಕಚೇರಿಗೆ ಬರಬೇಡ ಎಂದು ಸುದ್ದಿ ಬಂತು. ಪ್ರತಿ ಇದರೊಂದಿಗೆ ಇದೆ, ಓದು. ನಿನ್ನ ಹೇಳಿಕೆಯನ್ನು ನಿನ್ನ ಮಾತಿನಲ್ಲೇ ಬರೆ. ನನ್ನ ವಾಕ್ಯ ಒಂದೂ ಬೇಡ.

17ಕ್ಕೆ ಮತ್ತೆ ಏಕಾದಶಿ. ಇನ್ನೊಂದು ನೀರಿಲ್ಲದ ದಿನವನ್ನು ಆ ಮೈ ತಡೆಯುವುದಿಲ್ಲ ಎಂದು ಡಾಕ್ಟರರು ಹೇಳುತ್ತಾರೆ. ಅದರೊಳಗೆ ನಿನ್ನ ಸಹಿ ಇಲ್ಲಿ ಮುಟ್ಟಬೇಕು. ಪಟ್ಟಿ ರದ್ದು ಮಾಡಿಸಿದವರು ಯಾರು ಎಂಬುದನ್ನು ಅವಳಿಗೆ ತಿಳಿಸಲೇಬೇಕು, ಅದು ಅವಳ ಹಕ್ಕು. ನಿನ್ನ ಹೆಸರು ಹೇಳುತ್ತಾರೆ. ಆಮೇಲೆ ಅವಳು ನಿನ್ನ ಮುಖ ನೋಡದಿರಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ದಿನ ಹೇಳದೆ ಇಟ್ಟದ್ದು ಸಾಕು.

ವಲ್ಲಭ


ಇಂಡಿ
26 ಸೆಪ್ಟೆಂಬರ್ 2025

ವಲ್ಲಭಾ,

ನಿನ್ನ ಮೂರು ಪುಟ ಓದಿದೆ. ಇಪ್ಪತ್ತೊಂಬತ್ತನೆಯ ತಾರೀಖಿನ ಸುದ್ದಿ ಓದಿದಾಗ, ನೀನು ಎದುರಿಗಿದ್ದರೆ ಚಪ್ಪಲಿ ತೆಗೆದುಕೊಳ್ಳುತ್ತಿದ್ದೆ. ಉಳಿದದ್ದನ್ನು ಓದಿ ಚಪ್ಪಲಿ ಕೆಳಗಿಟ್ಟೆ. ಅಷ್ಟೇ. ಮಾಫಿ ಎಂದು ತಿಳಿಯಬೇಡ. ನನಗೆ ನಾನೇ ಕೊಟ್ಟುಕೊಂಡಿಲ್ಲ, ನಿನಗೆಲ್ಲಿಂದ ಕೊಡಲಿ?

ಟಪಾಲಿನ ಮೇಲೆ ನಂಬಿಕೆ ಇಡದೆ 16ಕ್ಕೆ ನಾನೇ ಬಂದೆ. ನನ್ನ ಹೇಳಿಕೆ ಐದು ಸಾಲು. ಬೇನೆ ಬಿದ್ದವರಿಗೆ ನಮ್ಮಲ್ಲಿ ವ್ರತ ಇಲ್ಲ. ಇದು ಗೊತ್ತಿದ್ದೂ ಹೆಚ್ಚುಗಾರಿಕೆಗಾಗಿ ಸಹಿ ಮಾಡಿದೆ. ಡಾಕ್ಟರರ ಚೀಟಿ ಸುಟ್ಟೆ. ನರ್ಸ್ ಅಬಿದಾಳನ್ನು ನಾನೇ ದೂರು ಕೊಟ್ಟು ಎಬ್ಬಿಸಿದೆ. ನನ್ನ ಸಹಿ ಹಿಂತೆಗೆದುಕೊಳ್ಳುತ್ತೇನೆ. ಓಣಿಯಲ್ಲಿ ಎಲ್ಲರಿಗೂ ಓದಿ ಹೇಳಿಯೇ ಬಸ್ ಹತ್ತಿದೆ. ಕೆಲವರು ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ.

ಶ್ರೀವಾಣಿಗೆ ಆಫೀಸಿನವರು ಹೇಳುವುದು ಬೇಡ, ನಾನೇ ಹೇಳುತ್ತೇನೆ ಎಂದೆ. ಹೇಳಿದೆ.

ಅವಳು ನೆಟ್ಟಗೆ ನನ್ನನ್ನೇ ನೋಡಿ, "ನೀನಽ ಕಲಿಸಿದಿ. ಎಲ್ಲಾರ ಮುಂದ ನನ್ನ ತೋರಿಸಿ ತೋರಿಸಿ ದೊಡ್ಡಾಕಿ ಆದಿ. ಈಗ ನೀನಽ ಸುಳ್ಳಂತಿ?" ಎಂದಳು.

"ಹೌದು. ನಾ ಸುಳ್ಳು, ಊಟ ಖರೆ."

"ನೀ ಸತ್ತ ಮ್ಯಾಲೆ ನಾ ಅಳಂಗಿಲ್ಲ ನೋಡು."

"ಅಳಬ್ಯಾಡ. ಅಲ್ಲೀತನಕ ಜೀವ ಹಿಡಕೊಂಡಿರು, ಸಾಕು."

ಮರುದಿನ ಏಕಾದಶಿ. ನಾನು ನೀರು ಮುಟ್ಟಲಿಲ್ಲ. ಅದು ನನ್ನ ಮೈ, ನನ್ನ ಲೆಕ್ಕ. ಅವಳ ಮುಂದೆ ಅನ್ನ, ಸಾರು, ಮೊಸರು ಬಂದವು. ಅಬಿದಾ ತನ್ನ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು, ನಾನು ಬಾಗಿಲ ಹತ್ತಿರ. ಹುಡುಗಿ ತಾಟು ಎತ್ತಿ ನನ್ನ ಕಡೆ ಒಗೆದಳು. ಸಾರು ಸೀರೆಯ ಮೇಲೆ ಬಿತ್ತು, ಅನ್ನದ ಅಗುಳು ನನ್ನ ಕೂದಲಲ್ಲಿ. ಏನೇನು ಬೈದಳೋ! ಆ ಶಬ್ದ ಅವಳಿಗೆ ಗೊತ್ತಿವೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಬಿದಾ ಕೂತ ಜಾಗದಿಂದ ಅಲುಗಲಿಲ್ಲ. "ಅಮ್ಮಾರ, ನೀವು ಹೊರಗ ಹೋಗಿ ಮೈ ತೊಳಕೋರಿ" ಎಂದಳು.

"ಇಲ್ಲೇ ಇರತೇನಿ."

"ಹಂಗಾರ ಸುಮ್ನ ಕೂಡ್ರಿ. ಬಾಯಿ ತೆರದ್ರ ನಿಮ್ಮನ್ನೂ ಎಬ್ಬಸತೇನಿ" ಎಂದಳು. ನನಗೆ ಹಾಗೆ ಹೇಳಿದವರು ಇದುವರೆಗೆ ಯಾರೂ ಇಲ್ಲ. ನಾನು ಸುಮ್ಮನೆ ಕೂತೆ.

ಒಗೆದರೆ ಇನ್ನೊಂದು ತಾಟು ತರಬೇಕು ಎಂಬುದು ಇಲ್ಲಿಯ ಪದ್ಧತಿಯಂತೆ. ಎರಡನೆಯದೂ ಹೋಯಿತು, ಗೋಡೆಗೆ. ಮೂರನೆಯ ತಾಟು ಬಂದಾಗ ನನ್ನನ್ನು ಬೈಯುತ್ತಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು, ಬೈದಳು, ಅಗಿದಳು. ಮುಖ ಕಿವುಚಿದ್ದು ನೋಡಿದರೆ ಸಗಣಿ ತಿನ್ನುವವರ ಹಾಗೆ. ಅರ್ಧ ತಾಟು ಮುಗಿಯಲು ಎರಡು ತಾಸು ಹಿಡಿಯಿತು. ಅದಾದ ಮೇಲೂ ಮುಕ್ಕಾಲು ತಾಸು ಅಬಿದಾ ಎದ್ದೇಳಲಿಲ್ಲ.

ನಾನು ಇಂಡಿಯಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೇನೆ. ಮಂಜರಿಯೂ ಸಿಂದಗಿಯಿಂದ ಬಂದು ಜೊತೆಗಿದ್ದಾಳೆ. ನನ್ನ ಜೊತೆ ಮಾತಾಡುವುದಿಲ್ಲ, ಆದರೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಇವತ್ತು ತೂಕ ಮೂವತ್ತೆರಡೂವರೆ. ಡಾಕ್ಟರರು ಇನ್ನೂ ಏನೂ ಹೇಳಲಾಗದು ಎನ್ನುತ್ತಾರೆ. ಶ್ರೀವಾಣಿ ನನ್ನ ಮುಖ ನೋಡುವುದಿಲ್ಲ. ನಾನು ಬಾಗಿಲಲ್ಲಿ ಕಂಡರೆ ಗೋಡೆಯ ಕಡೆ ತಿರುಗುತ್ತಾಳೆ. ಇವತ್ತು ತಿರುಗುವಾಗ ತಾಟನ್ನೂ ತನ್ನ ಜೊತೆ ತಿರುಗಿಸಿಕೊಂಡು, ನನಗೆ ಬೆನ್ನು ಮಾಡಿ ಉಂಡಳು.

ಗೋದೂ ಅತ್ಯಾ